ಹುಳದ ಮನೆ ಪಕ್ಕ ಊಜಿ ಸಾಕಿದ್ದು

ಮನುಷ್ಯ ಹೆದರಬೇಕಾದ ಪ್ರಾಣಿಗಳ ಪಟ್ಟಿಯಲ್ಲಿ ನೊಣ ಸಾಮಾನ್ಯವಾಗಿ ಇರುವುದಿಲ್ಲ. ಹುಲಿ ಇರುತ್ತದೆ, ಹಾವು ಇರುತ್ತದೆ, ಹೇಳದೆ ಕೇಳದೆ ಇನ್‌ಸ್ಪೆಕ್ಷನ್ನಿಗೆ ಬರುವ ಅಧಿಕಾರಿಯೂ ಇರುತ್ತಾರೆ. ನನಗೆ ಮಾತ್ರ ಕಿವಿಯ ಹತ್ತಿರ ಒಂದು ನೊಣ ಗುಂಯ್ ಎಂದರೆ ಸಾಕು, ಎದ್ದು ಹೋಗಿ ಬಾಗಿಲು ಹಾಕಿಬಿಡುತ್ತೇನೆ. ಮೊನ್ನೆ ಒಂದು ಮದುವೆಯಲ್ಲಿ ಹೀಗೆಯೇ ಪಂಕ್ತಿಯ ನಡುವೆ ಎದ್ದು ಊಟದ ಹಾಲಿನ ಬಾಗಿಲು ಹಾಕಿ, ಸಾರಿನ ಬಕೆಟ್ಟು ಹಿಡಿದು ಬರುತ್ತಿದ್ದವರಿಂದ ಬೈಸಿಕೊಂಡೆ.

ಈ ಭಯ ಹತ್ತಿದ್ದು, ನಾನು ಶಿಡ್ಲಘಟ್ಟ ತಾಲ್ಲೂಕಿನ ಈ ಹಳ್ಳಿಯ ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಬಂದ ಹೊಸತರಲ್ಲಿ. ಹೊಸ ಬಿ.ಎಡ್., ಹೊಸ ಮೊಬೈಲು. ಊರಿನಲ್ಲಿ ಸಿಗ್ನಲ್ಲು ಸಿಗುತ್ತಿದ್ದದ್ದು ನೀರಿನ ಟ್ಯಾಂಕಿನ ಮೆಟ್ಟಿಲ ಮೇಲೆ ಮಾತ್ರ. ಮುನಿಯಮ್ಮನವರ ಮನೆಯ ಮುಂದಿನ ಶೀಟಿನ ಕೋಣೆ ನನ್ನ ಬಾಡಿಗೆ ಬಿಡಾರ. ಹತ್ತು ಹೆಜ್ಜೆ ಆಚೆಗೆ ಅವರು ರೇಷ್ಮೆ ಹುಳು ಮೇಯಿಸುವ ಹುಳದ ಮನೆ. ಹುಳ ಇರುವ ಮನೆಯೆಂದರೆ ಬಾಣಂತಿ ಇರುವ ಮನೆಯ ಹಾಗೆ. ಕಂಡವರು ಒಳಗೆ ಹೋಗುವಂತಿಲ್ಲ. ಹೋಗುವವರು ಚಪ್ಪಲಿ ಬಿಟ್ಟು, ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಕಾಲದ್ದಿ ಹೋಗಬೇಕು. ಕಿಟಕಿ ಬಾಗಿಲಿಗೆಲ್ಲ ನೈಲಾನ್ ಪರದೆ. ಇಷ್ಟೆಲ್ಲ ಕಾವಲು ಮುಖ್ಯವಾಗಿ ಊಜಿ ನೊಣಕ್ಕೆ ಹೆದರಿ. ಅದು ಹುಳದ ಮೈಮೇಲೆ ಮೊಟ್ಟೆ ಇಟ್ಟು ಹೋದರೆ, ಮರಿ ಒಳಗೆ ಹೊಕ್ಕು ಹುಳವನ್ನೇ ತಿಂದು ಮುಗಿಸುತ್ತದೆ. ಹೊಕ್ಕ ಜಾಗದಲ್ಲಿ ಒಂದು ಕಪ್ಪು ಚುಕ್ಕೆ ಉಳಿಯುತ್ತದೆ, ಅಷ್ಟೆ.

ಒಂದು ದಿನ ಹೆಡ್‌ಮಾಸ್ಟರು ಕರೆದರು. "ಈ ಸಲ ನಮ್ ಸ್ಕೂಲಿಂದ ಒಂದು ಪ್ರಾಜೆಕ್ಟು ಚಿಕ್ಕಬಳ್ಳಾಪುರದ ವಿಜ್ಞಾನ ಮೇಳಕ್ಕೆ ಹೋಗ್ಲೇಬೇಕು ಕಣ್ರೀ. ಹೋದ್ ವರ್ಷ ಜ್ವಾಲಾಮುಖಿ ಮಾಡಿ ಟೇಬಲ್ ಕ್ಲಾತ್ ಸುಟ್ಟಿದ್ದೇ ಬಂತು." ಒಂಬತ್ತನೇ ಕ್ಲಾಸಿನಲ್ಲಿದ್ದ ಮುನಿಯಮ್ಮನವರ ಮಗಳು ಶಶಿಕಲಾ ತಾನೇ ಒಂದು ಪ್ರಶ್ನೆ ತಂದಳು. "ಸಾರ್, ಊಜಿ ಕೋಶದಿಂದ ನೊಣ ಆಚೆ ಬರಕ್ಕೆ ಎಷ್ಟ್ ದಿನ? ಅಮ್ಮ ಹತ್ತು ಅಂತಾರೆ, ಮೇಲೂರು ಮಾವ ಹದಿನೈದು ಅಂತಾರೆ." ನಾನು ರೋಮಾಂಚಗೊಂಡೆ. ಸಮಸ್ಯೆ, ಊಹೆ, ವಿಧಾನ, ಫಲಿತಾಂಶ ಎಂದು ಬೋರ್ಡಿನ ಮೇಲೆ ನಾಲ್ಕು ಚೌಕ ಬರೆದೆ. ಮೇಲೂರಿನ ಮಾವನ ಮನೆಯಿಂದ ಇಪ್ಪತ್ಮೂರು ಊಜಿ ಮರಿಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮರಳು ಹಾಕಿ ತಂದೆವು. ಮರುದಿನಕ್ಕೆಲ್ಲ ಅವು ಕಂದು ಬಣ್ಣದ ಕೋಶಗಳಾಗಿ ಮಲಗಿದವು.

ಡಬ್ಬಿ ಎಲ್ಲಿಡುವುದು? ಸ್ಕೂಲಿನ ಲ್ಯಾಬೆಂದರೆ ಒಂದು ಬೀರು, ಅದರಲ್ಲಿ ಬಿಸಿಯೂಟದ ಬೇಳೆ ಇತ್ತು. ಕಡೆಗೆ ನನ್ನ ಕೋಣೆಗೇ ತಂದೆ. "ಸಾರ್, ಹುಳ ಇರೋ ಮನೆಗೆ ಊಜಿ ತರ್ತಾರಾ ಯಾರಾದ್ರೂ? ಅಮ್ಮ ಸಾಯ್ಸಾಕ್ತಾರೆ" ಎಂದಳು ಶಶಿ. "ಅಮ್ಮಂಗೆ ಸದ್ಯಕ್ಕೆ ಹೇಳೋದ್ ಬೇಡ ಕಣಮ್ಮ. ವಿಜ್ಞಾನದಲ್ಲಿ ಹೆದರಿಕೆ ಇರಬಾರದು" ಎಂದೆ. ಅವಳು ನನ್ನನ್ನು ನೋಡಿದ ನೋಟದಲ್ಲಿ ಗೌರವ ಇರಲಿಲ್ಲ ಎಂದು ಈಗ ಅರ್ಥವಾಗುತ್ತದೆ. ಕೋಶಗಳಿಗೆ ಗಾಳಿ ಬೇಕಲ್ಲ, ಅದಕ್ಕೆ ಮೊಳೆ ಕಾಯಿಸಿ ಮುಚ್ಚಳಕ್ಕೆ ತೂತು ಮಾಡಿದೆ. ನೊಣದ ದಪ್ಪ ಅಳೆಯುವುದು ಯೋಜನೆಯ ಎರಡನೇ ಹಂತದಲ್ಲಿತ್ತು. ತೂತು ಮೊದಲನೇ ಹಂತದ್ದು. ಹಾಗಾಗಿ ತೂತಿನ ಅಳತೆಯನ್ನು ಅಂದಾಜಿನ ಮೇಲೆ ಇಟ್ಟುಕೊಂಡೆ.

ಎಂಟನೇ ದಿನ ಚಿಕ್ಕಬಳ್ಳಾಪುರದಲ್ಲಿ ತರಬೇತಿ, ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಮಾರ್ಗದರ್ಶನ ಮಾಡುವುದು ಹೇಗೆ ಎಂದು. ರಾತ್ರಿ ಅಲ್ಲೇ ಉಳಿದು ಮರುದಿನ ಮಧ್ಯಾಹ್ನ ಬಸ್ಸಿಳಿದು ಬಂದೆ. ಅಂಗಳದಲ್ಲಿ ಮುನಿಯಮ್ಮನವರು ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸುತ್ತಿದ್ದರು. ಹುಳ ಕಡೆಯ ಹಂತದಲ್ಲಿದ್ದವು, ಮಳೆ ಬಿದ್ದ ಹಾಗೆ ಸದ್ದು ಮಾಡುತ್ತ ಮೇಯುವ ಹೊತ್ತು. ಹೊರೆ ಸಾಗಿಸಲೆಂದು ಪರದೆಯ ಬಾಗಿಲಿಗೆ ಕಲ್ಲು ಕೊಟ್ಟು ತೆರೆದಿಟ್ಟಿದ್ದರು. "ಬಂದ್ರಾ ಮೇಷ್ಟ್ರೇ, ಕಾಫಿ ಕಾಯಿಸ್ಲಾ?" ಎಂದರು. ನಾನು ನಗುತ್ತ ಬೀಗ ತೆಗೆದು, ಬಾಗಿಲು ಪೂರ್ತಿ ತಳ್ಳಿದೆ.

ಒಳಗೆ ಗುಂಯ್ ಎನ್ನುತ್ತಿತ್ತು. ಡಬ್ಬಿಯಲ್ಲಿದ್ದದ್ದು ಖಾಲಿ ಸಿಪ್ಪೆಗಳು ಮಾತ್ರ. ನೊಣಗಳು ಗೋಡೆಯ ಮೇಲೆ, ದೀಪದ ಮೇಲೆ, ಒಗೆದು ಹರವಿದ ನನ್ನ ಬನಿಯನ್ನಿನ ಮೇಲೆ ಕೂತಿದ್ದವು. ಬಾಗಿಲು ಮುಚ್ಚಿದ್ದ ತನಕ ಊರು ಕ್ಷೇಮವಾಗಿತ್ತು. ಅದನ್ನು ತೆರೆದವನು ನಾನು. ತೆರೆದು, ಆಹಾ ಒಂಬತ್ತೇ ದಿನ ಎಂದು ಮನಸ್ಸಿನಲ್ಲೇ ಫಲಿತಾಂಶ ಬರೆದುಕೊಳ್ಳುತ್ತ ನಿಂತೆ. ಏನೋ ಕಿವಿಯ ಪಕ್ಕದಲ್ಲಿ ಹಾದುಹೋಯಿತು. ಇನ್ನೊಂದು ಹೋಯಿತು. ಆಮೇಲೆ ದಡಾರನೆ ಬಾಗಿಲು ಹಾಕಿಕೊಂಡೆ, ಒಳಗಿನಿಂದ. ಈಗಲೂ ಕಣ್ಣು ಮುಚ್ಚಿದರೆ ಅದೇ ಬಾಗಿಲು. ಸಾವಿರ ಸಲ ಅದನ್ನು ಸಮಯಕ್ಕೆ ಸರಿಯಾಗಿ ಮುಚ್ಚಿದ್ದೇನೆ. ಆ ಒಂದು ಸಲ ಮಾತ್ರ ಮುಚ್ಚಲಿಲ್ಲ.

ಪೊರಕೆ ಹಿಡಿದು ಹದಿನೇಳು ನೊಣ ಹೊಡೆದೆ. ಆರು ಇರಲಿಲ್ಲ. ಮಂಚದ ಕೆಳಗೆ ನೋಡಿದೆ, ಪುಸ್ತಕ ಕೊಡವಿದೆ, ಮತ್ತೆ ಎಣಿಸಿದೆ. ಆರು ಇಲ್ಲ. ಹೇಳದೆ ಇದ್ದರೆ ಏನಾಗುತ್ತದೆ ಎಂಬ ಯೋಚನೆಯೂ ಬಂತೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಅಷ್ಟರಲ್ಲಿ ಬಾಗಿಲ ಸಂದಿಯಲ್ಲಿ ಇಣುಕಿ ನೋಡಿದ್ದ ಶಶಿಯ ದನಿ ಹೊರಗಿನಿಂದ: "ಅಮ್ಮಾ, ಪರದೆ ಹಾಕು! ಸಾರು ಊಜಿ ಬಿಟ್ಟವ್ರೆ!"

"ಏನ್ ಬಿಟ್ಟವ್ರೆ?"

"ಊಜಿ! ಸಾಕಿದ್ರು!"

ಪೊರಕೆ ಹಿಡಿದೇ ಆಚೆ ಬಂದು, ಮುನಿಯಮ್ಮನವರು ಬೈಯುತ್ತಾರೆಂದು ಕಾದೆ. ಅವರು ಬೈಯಲಿಲ್ಲ. ಕಲ್ಲನ್ನು ಕಾಲಿನಿಂದ ತಳ್ಳಿ ಪರದೆ ಎಳೆದು, ನನ್ನ ಕಡೆ ತಿರುಗಿ ಮೆಲ್ಲಗೆ, "ಅಯ್ಯೋ ದೇವುಡಾ, ಅಷ್ಟೊಂದ್ ಓದಿದ್ದೀರಲ್ಲ ಮೇಷ್ಟ್ರೇ" ಎಂದರು. ನನಗೆ ಕಾಲೇಜಿನಲ್ಲಿ ಯಾರೂ ಅಂಥ ಪೆಟ್ಟು ಕೊಟ್ಟಿರಲಿಲ್ಲ.

ಆಮೇಲೆ ಹುಳ ಗೂಡು ಕಟ್ಟುವ ತನಕ ದಿನಾ ಬೆಳಿಗ್ಗೆ ಸಂಜೆ ಕಾಲದ್ದಿಕೊಂಡು ಒಳಗೆ ಹೋಗಿ, ಅವರ ಪಕ್ಕ ಕೂತು ಚುಕ್ಕೆ ಬಿದ್ದ ಹುಳ ಆಯ್ದೆ. ಎಷ್ಟು ಆಯ್ದರೂ ಗೂಡು ಬಿಡಿಸುವ ಹೊತ್ತಿಗೆ ಒಂದು ಮಂಕರಿಯ ತುಂಬ ಊಜಿ ಮರಿ ಕೊರೆದು ತೂತು ಬಿದ್ದ ಗೂಡುಗಳು ಬಂದವು. ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಒಯ್ಯುವ ಮೊದಲು ಅದನ್ನು ಬೇರೆ ಮಾಡಿ ಅವರು ನನ್ನ ಬಾಗಿಲ ಮುಂದೆಯೇ ಇಟ್ಟರು. ಪ್ರಾಜೆಕ್ಟು ಚಿಕ್ಕಬಳ್ಳಾಪುರಕ್ಕೇನೋ ಹೋಯಿತು. ವರದಿಯಲ್ಲಿ 'ಪ್ರಯೋಗದ ಕೊರತೆಗಳು' ಎಂಬಲ್ಲಿ ಶಶಿ ಒಂದೇ ಸಾಲು ಬರೆದಿದ್ದಳು: 'ಒಂಬತ್ತನೇ ದಿನ ಸಾರ್ ವಾಪಸ್ ಬಂದರು.' ನಾನು ಸಹಿ ಹಾಕಿದೆ.

ಆ ಆರು ನೊಣಗಳೇ ಕಾರಣವೋ, ಹೊರಗಿನವೂ ಸೇರಿದ್ದವೋ, ಯಾವ ವಿಜ್ಞಾನವೂ ಹೇಳಲಾರದು. ಊರಿಗೆ ಅಂಥ ಅನುಮಾನವೇನೂ ಇಲ್ಲ. ಯಾರ ಮನೆಯಲ್ಲಿ ಚುಕ್ಕೆ ಬಿದ್ದ ಹುಳ ಸಿಕ್ಕಿದರೂ ಎಲೆಯ ಮೇಲಿಟ್ಟುಕೊಂಡು ಸ್ಕೂಲಿನ ತನಕ ಬಂದು, ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳುತ್ತಾರೆ: "ಮೇಷ್ಟ್ರೇ, ಇದು ನಿಮ್ದೇನಾ ನೋಡಿ?" ಮೊದಲೆಲ್ಲ ವಾದ ಮಾಡುತ್ತಿದ್ದೆ, ನೊಣದ ಆಯುಷ್ಯ ಎಷ್ಟು, ಅದು ಎಷ್ಟು ದೂರ ಹಾರಬಲ್ಲದು ಎಂದು. ಈಗ ಕನ್ನಡಕ ಏರಿಸಿಕೊಂಡು, ಹುಳವನ್ನು ಒಂದು ನಿಮಿಷ ದಿಟ್ಟಿಸಿ ನೋಡಿ, "ಹೌದಪ್ಪ, ನಮ್ದೇ" ಎಂದುಬಿಡುತ್ತೇನೆ.