ತಲೆಯಾಡಿಸುವ ವಿದ್ಯಾರ್ಥಿನಿ

ಯಾರು ಏನು ಹೇಳಿದರೂ ತಲೆಯಾಡಿಸುವುದು ನನ್ನ ಸ್ವಭಾವ. ಅರ್ಥವಾದರೂ ಆಡಿಸುತ್ತೇನೆ, ಆಗದಿದ್ದರೂ ಆಡಿಸುತ್ತೇನೆ; ಆಗದಿದ್ದಾಗ ಸ್ವಲ್ಪ ಜೋರಾಗಿಯೇ ಆಡಿಸುತ್ತೇನೆ. ಅದಿತಿ, ನಿಹಾಲ್, ನೀವಿಬ್ಬರೂ ಎಂದಾದರೂ ಇದನ್ನು ಓದಿದರೆ, ಅಥವಾ ನಿಮ್ಮಮ್ಮ ಓದಿ ಹೇಳಿದರೆ, ಅಜ್ಜಿ ಇಂಗ್ಲಿಷಿಗೆ ಮಾತ್ರ ಹೀಗೆ ಮಾಡುತ್ತಿದ್ದಳು ಎಂದುಕೊಳ್ಳಬೇಡಿ. ಕನ್ನಡಕ್ಕೂ ಇದೇ ಉಪಚಾರ. ನಾನು ಓದಿದ ಹಳ್ಳಿ ಶಾಲೆಯಲ್ಲಿ ಒಂದೇ ಕೋಣೆ, ನಾಲ್ಕು ತರಗತಿ, ಒಬ್ಬರೇ ಮೇಷ್ಟ್ರು. ಅವರು ಕೊನೆಯಲ್ಲಿ "ಗೊತ್ತಾಯ್ತೇನ್ರೋ?" ಎನ್ನುವುದು ಪ್ರಶ್ನೆಯಾಗಿರಲಿಲ್ಲ, ಪಾಠ ಮುಗಿಯಿತು ಎಂಬ ಸೂಚನೆಯಾಗಿತ್ತು. ನಾವೆಲ್ಲ ಒಟ್ಟಿಗೆ "ಆಯ್ತು ಸಾ" ಎನ್ನುತ್ತಿದ್ದೆವು. ಒಮ್ಮೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು "ಆಗ್ಲಿಲ್ಲ ಸಾ" ಎಂದುಬಿಟ್ಟಳು. ಮೇಷ್ಟ್ರು ಹೊಡೆಯಲಿಲ್ಲ, ಬಯ್ಯಲಿಲ್ಲ. ಪಾಠವನ್ನು ಮೊದಲಿನಿಂದ ಶುರುಮಾಡಿದರು. ಊಟದ ಗಂಟೆ ಹೊಡೆದರೂ ಬಿಡಲಿಲ್ಲ. ಆಮೇಲೆ ಅವಳನ್ನು ನಾವು ನೋಡಿದ ನೋಟಕ್ಕೆ, ಮರುದಿನದಿಂದ ಅವಳಿಗೂ ಎಲ್ಲವೂ ಅರ್ಥವಾಗತೊಡಗಿತು.

ನಿಮ್ಮ ತಾತನ ಜೊತೆಗಿನ ಸಂಸಾರವೂ ತಲೆಯಾಡಿಸಿಕೊಂಡೇ ಸುಸೂತ್ರವಾಗಿ ನಡೆಯಿತು. ಅವರು ಆಫೀಸಿನ ರಾಜಕೀಯವನ್ನೆಲ್ಲ ನನ್ನ ಮುಂದೆ ಬಿಚ್ಚಿಡುತ್ತಿದ್ದರು. ಯಾರು ಯಾರ ಮೇಲೆ ಏಕೆ ಸಿಟ್ಟಾದರು ಎಂಬುದು ನನಗೆ ಒಮ್ಮೆಯೂ ತಲೆಗೆ ಹತ್ತಲಿಲ್ಲ. "ನಿನ್ ಹತ್ರ ಮಾತಾಡಿದ್ರೆ ಮನಸ್ಸು ಹಗುರ ಆಗುತ್ತೆ ಕಣೇ" ಎನ್ನುತ್ತಿದ್ದರು. ಅವರು ಹೋದ ಮೇಲೆ ಇಂಗ್ಲಿಷರ ದೇಶದ ಈ ಕಿಂಗ್ಸ್‌ಬರಿಗೆ, ಮಗಳ ಮನೆಗೆ ಬಂದೆ. ಇಲ್ಲಿಯೂ ಜಿಪಿ ಡಾಕ್ಟರ ಹತ್ತಿರ, ಬಸ್ಸಿನಲ್ಲಿ, ಪಕ್ಕದ ಮನೆಯ ಗುಜರಾತಿ ಅಜ್ಜಿಯ ಜೊತೆ, ಎಲ್ಲ ಕಡೆ ತಲೆಯೇ ಸಾಕಾಯಿತು. ತೊಂದರೆ ಬಂದದ್ದು ನಿಮ್ಮಮ್ಮ ಸುಮಾಳ ಕೆಲಸದಲ್ಲಿ.

ಸುಮಾ ಬಹಳ ಕಾಲ ಕಂಪನಿಯಲ್ಲಿ ಲೆಕ್ಕಾಚಾರದ ಕೆಲಸ ಮಾಡಿ, ಆಮೇಲೆ ಯೂನಿವರ್ಸಿಟಿಯಲ್ಲಿ ಸಂಖ್ಯಾಶಾಸ್ತ್ರದ ಲೆಕ್ಚರರ್ ಆದಳು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಹಿರಿಯ ಪ್ರಾಧ್ಯಾಪಕಿಯೊಬ್ಬರು ಬಂದು ತರಗತಿಯ ಹಿಂದೆ ಕೂತು ನೋಡುತ್ತಾರೆ, ಅವರು ಒಪ್ಪಿದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಹೊಸಬರಿಗೆ ಪಾಠ ಹೇಳುವುದನ್ನು ಕಲಿಸುವ ಒಂದು ಕೋರ್ಸೂ ಇತ್ತು. ಮೇಷ್ಟ್ರಿಗೇ ಪಾಠ ಹೇಳುತ್ತಾರೆ ಎಂದು ಕೇಳಿ ನನಗೆ ಒಳಗೊಳಗೇ ಸಂತೋಷವಾಯಿತು. ಆ ಕೋರ್ಸಿನಲ್ಲಿ, ವಿಷಯದ ಗಂಧ ಗಾಳಿ ಗೊತ್ತಿಲ್ಲದವರ ಮುಂದೆ ಒಮ್ಮೆ ಪಾಠ ಹೇಳಿ ನೋಡಿ ಎಂದರಂತೆ. ಅಂಥವರನ್ನು ಹುಡುಕಿಕೊಂಡು ಅವಳು ದೂರ ಹೋಗಬೇಕಾಗಿರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ನಾನು ಸೋಫಾದ ಮೇಲೆ ಕೂತು, ಪಕ್ಕದ ಕ್ವೀನ್ಸ್‌ಬರಿಯ ಅಂಗಡಿಯಿಂದ ತಂದ ಅವರೆಕಾಯಿ ಸುಲಿಯುತ್ತಿದ್ದೆ. ಸುಮಾ ಟೀವಿಯ ಪಕ್ಕ ನಿಂತು ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಪಾಠ ಹೇಳಿದಳು. ಕೆಲವೇ ಜನರನ್ನು ಕೇಳಿ ಇಡೀ ಊರಿನ ಅಭಿಪ್ರಾಯ ತಿಳಿಯುವುದು ಹೇಗೆ ಎಂಬುದು ವಿಷಯ.

"ಅರ್ಥ ಆಯ್ತಾ ಅಮ್ಮ?"

"ಆಯ್ತು ಕಣಮ್ಮ. ಚೆನ್ನಾಗಿ ಹೇಳ್ದೆ."

"ಎಲ್ಲಾದ್ರೂ ಕಷ್ಟ ಆಯ್ತಾ?"

"ಇಲ್ವಲ್ಲ."

"ಅಬ್ಬಾ! ನಿಂಗೇ ಅರ್ಥ ಆಯ್ತು ಅಂದ್ಮೇಲೆ ಅವರಿಗೆ ಆಗ್ದೇ ಇರುತ್ತಾ!"

ಆ 'ನಿಂಗೇ' ಎಂಬುದಕ್ಕೆ ನಾನು ಬೇಸರ ಮಾಡಿಕೊಳ್ಳಲಿಲ್ಲ. ಪ್ರಾಧ್ಯಾಪಕಿ ನೋಡಲು ಬರುವ ದಿನ ಅವಳು ಪಾಠದಲ್ಲಿ ಒಂದಕ್ಷರವನ್ನೂ ಬದಲಾಯಿಸದೆ ಹೋದಳು.

ಆ ದಿನ ಸಂಜೆ ಮನೆಗೆ ಬಂದವಳು ಕೋಟು ಕೂಡ ತೆಗೆಯದೆ ಕುರ್ಚಿಯಲ್ಲಿ ಕೂತಳು. ತರಗತಿಯಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲವಂತೆ. ಇವಳು ಪ್ರಶ್ನೆ ಕೇಳುವುದು, ಯಾರೂ ಮಾತಾಡದಿದ್ದರೆ ಗಾಬರಿಯಾಗಿ ತಾನೇ ಉತ್ತರ ಹೇಳಿ ಮುಂದೆ ಓಡುವುದು, ಹೀಗೇ ಹೊತ್ತು ಕಳೆಯಿತಂತೆ. ಪ್ರಾಧ್ಯಾಪಕಿ ಬಹಳ ಮೆತ್ತಗೆ, "ಪಾಠ ವಿವರವಾಗಿತ್ತು, ಆದರೆ ಯಾರಾದರೂ ಕಲಿತರೋ ಇಲ್ಲವೋ ನನಗೆ ತಿಳಿಯಲಿಲ್ಲ. ಟರ್ಮ್ ಮುಗಿಯುವ ಮೊದಲು ಇನ್ನೊಮ್ಮೆ ಬರುತ್ತೇನೆ" ಎಂದರಂತೆ. ಆ ಇನ್ನೊಮ್ಮೆಯೇ ಕೊನೆಯದು.

"ಮುಂದಿನ ಸಾಲಲ್ಲಿ ಪವಿತ್ರಾ ಅಂತ ಧಾರವಾಡದ ಹುಡುಗಿ ಕೂರ್ತಾಳಮ್ಮ" ಎಂದಳು ಸುಮಾ. "ಎಷ್ಟು ಚೆನ್ನಾಗಿ ತಲೆ ಆಡಿಸ್ತಾಳೆ ಅಂದ್ರೆ, ನಾನು ಅವಳೊಬ್ಬಳನ್ನೇ ನೋಡ್ಕೊಂಡು ಪಾಠ ಮಾಡ್ತಿದ್ದೆ. ಇವತ್ತು ಅವಳ ಅಸೈನ್‌ಮೆಂಟ್ ತೆಗೆದು ನೋಡಿದ್ರೆ ತಲೆಬುಡ ಇಲ್ಲ. ರೂಮಿಗೆ ಕರೆದು ಎಷ್ಟು ಸಲ ಅರ್ಥ ಆಯ್ತಾ ಅಂತ ಕೇಳಿದ್ದೀನಿ. ಪ್ರತಿ ಸಲಾನೂ ಎಸ್ ಮೇಡಂ, ಎಸ್ ಮೇಡಂ..."

ಹೇಳುತ್ತಾ ಹೇಳುತ್ತಾ ನನ್ನ ಕಡೆ ತಿರುಗಿದಳು. ನಾನು ಆಗ ತಲೆಯಾಡಿಸುತ್ತಿದ್ದೆ.

"ಮಮ್, ಅಜ್ಜಿ ಸ್ಯಾಟ್‌ನ್ಯಾವ್‌ಗೂ ನಾಡ್ ಮಾಡ್ತಾರೆ" ಎಂದಳು ಅದಿತಿ, ಫೋನಿನಿಂದ ಕಣ್ಣೆತ್ತದೆ. ಅಪರೂಪಕ್ಕೆ ಕನ್ನಡ ಆಡಿದವಳು ಇದನ್ನೇ ಆಡಬೇಕಿತ್ತೇ! ಆದರೆ ಮಾತು ನಿಜ. ಕಾರಿನ ಆ ಪೆಟ್ಟಿಗೆಯಲ್ಲಿ ಕೂತು ಅಷ್ಟು ತಾಳ್ಮೆಯಿಂದ ದಾರಿ ಹೇಳುವವಳಿಗೆ ಮರ್ಯಾದೆ ಬೇಡವೇ?

"ಅಮ್ಮ, ನಾನು ಆವತ್ತು ಏನು ಪಾಠ ಹೇಳ್ದೆ? ಹೇಳು ನೋಡೋಣ."

"ಧ್ವನಿ ಚೆನ್ನಾಗಿತ್ತು."

"ಪಾಠ, ಅಮ್ಮ."

ನಾನು ಅಡುಗೆಮನೆಯ ಕಡೆ ನೋಡಿದೆ. ಒಲೆಯ ಮೇಲೆ ಏನೂ ಇರಲಿಲ್ಲ. "ನಾಲ್ಕು ಜನರನ್ನ ಕೇಳ್ಕೊಂಡು ಊರಿನ ಸುದ್ದಿ ಹೇಳೋದು. ನಮ್ಮೂರಲ್ಲಿ ಪುಟ್ಟಮ್ಮನಿಗೂ ಅದೇ ಕೆಲಸ. ಪಾಪ, ಅವಳಿಗೆ ಯಾರೂ ಸಂಬಳ ಕೊಡ್ತಿರ್ಲಿಲ್ಲ."

ಸುಮಾ ನನ್ನನ್ನೇ ದಿಟ್ಟಿಸಿದಳು. ಬಯ್ಯುತ್ತಾಳೆ ಎಂದುಕೊಂಡೆ, ಬಿದ್ದು ಬಿದ್ದು ನಕ್ಕಳು. ನಗು ನಿಂತ ಮೇಲೆ, "ಯಾರನ್ನ ಕೇಳ್ಬೇಕು, ಅವರನ್ನ ಹೇಗೆ ಆರಿಸ್ಬೇಕು ಅನ್ನೋದೇ ಪಾಠ ಅಮ್ಮ. ಅದನ್ನ ಹೇಳಿದ್ನಲ್ಲ!" ಎಂದು ಲ್ಯಾಪ್‌ಟಾಪ್ ತೆರೆದು ಹುಡುಕಿದಳು. ಹೇಳಿದ್ದಳು, ನಿಜ. ಒಂದು ಉದ್ದನೆಯ ಸೂತ್ರದ ಆಚೆಗೆ ಹೇಳಿದ್ದಳು. ಆ ಸೂತ್ರ ಬಂದಾಗಲೇ ನಾನು ಮನಸ್ಸಿನಲ್ಲಿ ಎದ್ದು ಹೋಗಿದ್ದೆ. ಪವಿತ್ರಾಳೂ ಆಗಲೇ ಎದ್ದಿರಬೇಕು.

ಅಂದಿನಿಂದ ಸುಮಾ ಆ ಕೋರ್ಸಿನಲ್ಲಿ ಹೇಳಿದ್ದನ್ನು ನಿಜವಾಗಿ ಮಾಡತೊಡಗಿದಳು. 'ಅರ್ಥವಾಯಿತೇ' ಎಂದು ಕೇಳಬಾರದು, ನಿಮ್ಮ ಮಾತಿನಲ್ಲಿ ಹೇಳಿ ಎನ್ನಬೇಕು. ಪ್ರಶ್ನೆ ಕೇಳಿದ ಮೇಲೆ ತಾನು ಬಾಯಿ ಮುಚ್ಚಿಕೊಂಡು ಕಾಯಬೇಕು. ನಾಚಿಕೆಯವರು ಇಡೀ ತರಗತಿಯ ಮುಂದೆ ಹೇಳದಿದ್ದರೂ ಪಕ್ಕದವರಿಗೆ ಹೇಳುತ್ತಾರೆ, ಆದ್ದರಿಂದ ಮೊದಲು ಜೋಡಿಯಾಗಿ ಮಾತಾಡಲು ಬಿಡಬೇಕು. ರೂಮಿಗೆ ಬಂದ ವಿದ್ಯಾರ್ಥಿಯನ್ನು 'ಏನಾದರೂ ತೊಂದರೆಯೇ' ಎನ್ನದೆ, 'ಎಲ್ಲಿ ಪೆನ್ನು ನಿಂತಿತು, ತೋರಿಸು' ಎನ್ನಬೇಕು. ಎಲ್ಲಕ್ಕಿಂತ ಕಷ್ಟವಾದದ್ದು ಕಾಯುವುದು. ಅದನ್ನು ಮನೆಯಲ್ಲಿ ಅಭ್ಯಾಸ ಮಾಡಿದಳು. "ನಿಹಾಲ್, ನಿನ್ನ ಹೋಂವರ್ಕ್ ಎಲ್ಲಿ?" ಎಂದು ಕೇಳಿ ಸುಮ್ಮನೆ ನಿಲ್ಲುವಳು. ಮೊದಲಾದರೆ ಬಯ್ಗುಳದ ಗದ್ದಲದಲ್ಲಿ ನಿಹಾಲ್ ಜಾರಿಕೊಳ್ಳುತ್ತಿದ್ದ. ಈಗ ಆ ಮೌನ ತಡೆಯಲಾರದೆ ತಾನಾಗಿಯೇ ರೀಸೈಕ್ಲಿಂಗ್ ಡಬ್ಬಿಯ ಕಡೆ ಕೈ ತೋರಿಸಿದ. ಆಸ್ಪತ್ರೆ ಡ್ಯೂಟಿ ಮುಗಿಸಿ ಬಂದ ನಿಮ್ಮಪ್ಪನೂ ಅವಳ ಕಣ್ಣು ತಪ್ಪಿಸಿ ಓಡಾಡುವಂತಾಯಿತು.

ಪವಿತ್ರಾಳ ಮುಂದೆ ಖಾಲಿ ಹಾಳೆ ಇಟ್ಟು ಹೀಗೇ ಕಾದಳಂತೆ. ಆ ಹುಡುಗಿ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ತೆಗೆದಳು. ಕೊನೆಗೆ, "ಮೇಡಂ, ಖರೇ ಹೇಳ್ಲೇನ್ರಿ? ಎರಡನೇ ವಾರದಿಂದ ಏನೂ ತಿಳಿವಲ್ದ್ರಿ. ನೀವು ಅಷ್ಟ್ ಪ್ರೀತಿಲೆ ಕೇಳ್ತಿದ್ರಿ, ಇಲ್ಲ ಅನ್ನಾಕ ನಾಚಿಕಿ ಆತ್ರಿ" ಎಂದಳಂತೆ. ಎರಡನೇ ವಾರದಿಂದ ಮತ್ತೆ ಶುರುಮಾಡಿದರು, ಇಬ್ಬರೂ ಕೂತು, ವಾರವಾರವೂ.

ಪ್ರಾಧ್ಯಾಪಕಿ ಎರಡನೇ ಸಲ ಬರುವ ದಿನ ಬೆಳಿಗ್ಗೆ ನಾನು ದೇವರಿಗೆ ದೀಪ ಹಚ್ಚಿ, ಏನು ಬೇಡಿಕೊಳ್ಳಬೇಕೋ ತಿಳಿಯದೆ, ಆ ಮಕ್ಕಳ ಬಾಯಿ ಬಿಡಿಸಪ್ಪಾ ಎಂದು ಬೇಡಿಕೊಂಡೆ. ಬೆಳಗಿನ ಒಂಬತ್ತರ ತರಗತಿ. ಸುಮಾ ಸೂತ್ರವನ್ನು ಬದಿಗಿಟ್ಟು, "ಈ ಯೂನಿವರ್ಸಿಟಿಯ ವಿದ್ಯಾರ್ಥಿಗಳು ಸಾಕಷ್ಟು ನಿದ್ದೆ ಮಾಡುತ್ತಾರೋ ಇಲ್ಲವೋ ನನಗೆ ತಿಳಿಯಬೇಕು. ಈಗ ಇಲ್ಲಿ ಕೂತಿರುವ ನಿಮ್ಮನ್ನು ಮಾತ್ರ ಕೇಳಿದರೆ ಸಾಕೇ? ಪಕ್ಕದವರ ಜೊತೆ ಮಾತಾಡಿ ಹೇಳಿ" ಎಂದಳು. ಗುಸುಗುಸು ನಡೆಯಿತು, ನಿಂತಿತು. ಆಮೇಲೆ ಯಾರೂ ಹೇಳಲು ಮುಂದಾಗಲಿಲ್ಲ. ಇವಳು ಕಾದಳು. ಹಿಂದೆ ಪ್ರಾಧ್ಯಾಪಕಿ ಪೆನ್ನು ಎತ್ತಿದರು. ಉತ್ತರ ಇವಳ ನಾಲಿಗೆಯ ತುದಿಗೆ ಬಂದಿತ್ತಂತೆ, ಆದರೂ ಕಾದಳು. ಆಗ ಮುಂದಿನ ಸಾಲಿನಿಂದ ಪವಿತ್ರಾಳ ಕೈ ಅರ್ಧ ಮೇಲೆದ್ದಿತು. "ಸಾಲದು ಮೇಡಂ. ಚೆನ್ನಾಗಿ ನಿದ್ದೆ ಮಾಡೋರು ಇನ್ನೂ ಎದ್ದೇ ಇಲ್ಲ."

ತರಗತಿಯೆಲ್ಲ ನಕ್ಕಿತು. ನಕ್ಕ ಬಾಯಿಗಳು ಮತ್ತೆ ಮುಚ್ಚಲಿಲ್ಲ. ಕೆಲವು ವಾರಗಳ ನಂತರ ಸುಮಾಳ ಕೆಲಸ ಖಾಯಂ ಆಯಿತು.

ಆ ದಿನ ನಾನು ಕಾಯಿಹೋಳಿಗೆ ಮಾಡಿದೆ. ಊಟವಾದ ಮೇಲೆ ಸುಮಾ ನನ್ನ ಪಕ್ಕ ಬಂದು ಕೂತಳು. "ಅಮ್ಮ, ನೀನು ಇಲ್ಲಿ ಆರಾಮಾಗಿದ್ದೀಯಾ ಅಂತ ಕೇಳಲ್ಲ. ತಲೆ ಆಡಿಸ್ತೀಯ. ಇಲ್ಲಿ ನಿಂಗೆ ಹಿಡಿಸದೇ ಇರೋದು ಏನು, ಅದನ್ನ ಹೇಳು" ಎಂದು ಸುಮ್ಮನಾದಳು. ನಾನೂ ಸುಮ್ಮನಿದ್ದೆ. ಅವಳು ಕಾದಳು. ಅವಳಿಗೆ ಈಗ ಅದರಲ್ಲಿ ಸರ್ಟಿಫಿಕೇಟೇ ಇತ್ತು, ನಾನು ಗೆಲ್ಲುವುದುಂಟೇ?

"ಬೆಳಿಗ್ಗೆಯ ಆ ಓಟ್ಸು ಗಂಟಲಲ್ಲಿ ಇಳಿಯಲ್ಲ" ಎಂದೆ. ಹೇಳಿದ ಮೇಲೆ ನಾಲಿಗೆಗೆ ರುಚಿ ಹತ್ತಿತು. "ನೀವು ಕೊಡಿಸಿದ ಕೋಟು ಹಾಕ್ಕೊಂಡ್ರೆ ಹಾಸಿಗೆ ಹೊತ್ತ ಹಾಗಾಗುತ್ತೆ. ಗುರುವಾರ ಆ ಹಾಲ್‌ನಲ್ಲಿ ವಯಸ್ಸಾದವರೆಲ್ಲ ಕುರ್ಚಿ ಮೇಲೆ ಕೂತು ಮಾಡೋ ಯೋಗ ನಂಗೆ ಬೇಡ. ಕುರ್ಚಿ ಇರೋದು ಸುಮ್ನೆ ಕೂರೋಕೆ."

"ಅಯ್ಯೋ ಅಮ್ಮ! ವರ್ಷದಿಂದ ಹೋಗ್ತಿದ್ದೀಯಲ್ಲ! ಹೋಗ್ತೀಯಾ ಅಂತ ಕೇಳೇ ಅಲ್ವಾ ಸೇರಿಸಿದ್ದು?"

"ನೀನು ಕೇಳಿದ್ದೆ, ನಾನು ತಲೆ ಆಡಿಸಿದ್ದೆ" ಎಂದೆ.

ಓಟ್ಸು ಮರುದಿನವೇ ನಿಂತಿತು. ಯೋಗ ಬೇಡವೆಂದು ಮಾತ್ರ ಆ ಟೀಚರಿಗೆ ನಾನೇ ಹೇಳಬೇಕು ಎಂದು ಸುಮಾ ಹಟ ಹಿಡಿದು, ಒಂದು ಇಂಗ್ಲಿಷ್ ವಾಕ್ಯ ಬಾಯಿಪಾಠ ಮಾಡಿಸಿದಳು. ಗುರುವಾರ ಅದನ್ನು ಗೊಣಗಿಕೊಳ್ಳುತ್ತಲೇ ಹೋದೆ. ಟೀಚರ್ ಒಳ್ಳೆಯ ಹೆಂಗಸು. ನನ್ನನ್ನು ಕಂಡವಳೇ ಎರಡೂ ಕೈ ಹಿಡಿದು, ನಗುನಗುತ್ತಾ ಉದ್ದಕ್ಕೆ ಏನೋ ಹೇಳಿ, ಕೊನೆಯಲ್ಲಿ ಏನೋ ಕೇಳಿದಳು. ಅವಳು ಸುಮಾಳ ಕೋರ್ಸಿಗೆ ಹೋದವಳಲ್ಲ, ಕಾಯಲಿಲ್ಲ. ನನ್ನ ವಾಕ್ಯ ಬಾಯಿಗೆ ಬರುವಷ್ಟರಲ್ಲಿ ತಲೆ ತನ್ನ ಕೆಲಸ ಮುಗಿಸಿಬಿಟ್ಟಿತ್ತು.

ಹೊಸದಾಗಿ ಸೇರಿದವರಿಗೆ ತೋರಿಸಿಕೊಡಲು ಒಬ್ಬರು ಬೇಕಾಗಿತ್ತಂತೆ. ಈಗ ಪ್ರತಿ ಗುರುವಾರ ನಾನು ಎಲ್ಲರಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ಕೂತು, ಕೈ ಎತ್ತಿ ಇಳಿಸಿ ತೋರಿಸುತ್ತೇನೆ. ಎದುರಿಗೆ ಕೂತ ಮುದುಕಿಯರೆಲ್ಲ ನನ್ನನ್ನೇ ನೋಡುತ್ತಾ ಬಹಳ ಚೆನ್ನಾಗಿ ತಲೆಯಾಡಿಸುತ್ತಾರೆ. ಅವರಿಗೆ ಏನಾದರೂ ಅರ್ಥವಾಗಿದೆಯೋ ಎಂದು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.