ಬ್ರೇಕ್ ಮೇಷ್ಟ್ರೂ ಇದ್ದಿಲ ಮೊಟ್ಟೆಯೂ

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರ ಬಲಗಾಲು ಅವರ ಮಾತು ಕೇಳುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿವೆ. ಕಲಿಯುವವರ ಪಕ್ಕದ ಸೀಟಿನಲ್ಲಿ, ಕಲಿಸುವವರ ಪ್ರಾಣ ಉಳಿಯಲೆಂದೇ ಇಟ್ಟಿರುವ ಎರಡನೇ ಬ್ರೇಕಿನ ಮೇಲೆ ಜೀವಮಾನವೆಲ್ಲ ಕೂತ ಕಾಲು ಅದು. ಈಗ ಮನೆಯಲ್ಲೂ ತನ್ನಷ್ಟಕ್ಕೆ ತಾನೇ ಒತ್ತಿಕೊಳ್ಳುತ್ತದೆ. ಮಗಳು ಮೆಟ್ಟಿಲ ಮೇಲಿಂದ ದಡದಡ ಇಳಿದರೆ ಸೋಫಾದಲ್ಲಿ ಕೂತ ಮೇಷ್ಟ್ರ ಕಾಲು ನೆಲ ಒತ್ತುತ್ತದೆ. ಕುಕ್ಕರ್ ಕೂಗಿದರೆ ಒತ್ತುತ್ತದೆ. ಹೆಂಡತಿ "ರೀ, ಒಂದು ಮಾತು" ಅಂದರಂತೂ ಎರಡೂ ಕಾಲು ಒತ್ತುತ್ತವೆ. (ಆ ಗಾಡಿ ಮಾತ್ರ ಇವತ್ತಿನವರೆಗೆ ಇವರ ಯಾವ ಬ್ರೇಕಿಗೂ ನಿಂತದ್ದಿಲ್ಲ.) ಬೀದಿಯವರೆಲ್ಲ ಅವರನ್ನು ಬ್ರೇಕ್ ಮೇಷ್ಟ್ರು ಎಂದೇ ಕರೆಯುತ್ತಾರೆ; ಅವರೂ ಅದನ್ನು ಬಿರುದೆಂದೇ ಸ್ವೀಕರಿಸಿದ್ದಾರೆ.

ಇಂಥ ಮೇಷ್ಟ್ರ ಮನಸ್ಸು ಕಲಕಿದ್ದು ಒಂದಷ್ಟು ಫೋಟೋಗಳು. ಅಮ್ಮನ ಹುಟ್ಟುಹಬ್ಬಕ್ಕೆಂದು ಮಗಳು ಭಾನುವಾರದ ಊಟದ ಫೋಟೋಗಳನ್ನೆಲ್ಲ ಒಂದು ಕಡೆ ಸೇರಿಸಿದ್ದಳು. ಎಲ್ಲದರಲ್ಲೂ ಮೇಷ್ಟ್ರಿದ್ದರು, ಬಾಯಿ ತುಂಬಿಕೊಂಡು. ಅತ್ತೆಯಿದ್ದರು, ಬಾಮೈದನಿದ್ದ, ಮಗಳಿದ್ದಳು. ಹೆಂಡತಿ ಮಾತ್ರ ಒಂದರಲ್ಲೂ ಇರಲಿಲ್ಲ. ಇದ್ದದ್ದು ಅಂಚಿನಿಂದ ಒಳಗೆ ಚಾಚಿದ, ಸೌಟು ಹಿಡಿದ ಅವರ ಕೈ.

ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವರು. ವಾರವೆಲ್ಲ ನಿಂತೇ ಕೆಲಸ. ಭಾನುವಾರ ಬಂದರೆ ಒಲೆಯ ಮುಂದೆ ನಿಂತು ಕೆಲಸ. ಅವರು ಫೋಟೋಗಳನ್ನೆಲ್ಲ ನೋಡಿ, "ಕೈ ಚೆನ್ನಾಗಿ ಬಂದಿದೆ ಬಿಡು" ಅಂದು ಪಾತ್ರೆ ತೊಳೆಯಲು ಎದ್ದು ಹೋದರು. ಅದರಲ್ಲಿ ಕೊಂಕೂ ಇರಲಿಲ್ಲ, ಕೋಪವೂ ಇರಲಿಲ್ಲ. ಇದ್ದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರು. ಒಂದು ಭಾನುವಾರವಾದರೂ ಇವಳನ್ನು ಕುರ್ಚಿಯ ಮೇಲೆ ಕೂರಿಸಿ, ನಾನು ಬೇಯಿಸಿ ಬಡಿಸದಿದ್ದರೆ ನಾನು ಗಂಡಸೇ ಅಲ್ಲ ಎಂದು ಅವರು ಮನಸ್ಸಿನಲ್ಲೇ ಘೋರ ಪ್ರತಿಜ್ಞೆ ಮಾಡಿದರು.

ಪ್ರತಿಜ್ಞೆಗೆ ಒಂದೇ ಒಂದು ಅಡ್ಡಿಯಿತ್ತು. ಮೇಷ್ಟ್ರಿಗೆ ಅಡುಗೆ ಬರುತ್ತಿರಲಿಲ್ಲ. ಹಾಲು ಕಾಯಿಸಲು ಹೇಳಿದರೆ ಪಾತ್ರೆಯನ್ನೂ ಕಾಯಿಸಿ, ಹಿಡಿಯನ್ನೂ ಕರಗಿಸಿ ಇಡುವಂಥವರು.

ಅದಕ್ಕೂ ದಾರಿ ಸಿಕ್ಕಿತು. ಅವರ ಹತ್ತಿರ ರಿವರ್ಸ್ ಕಲಿಯುತ್ತಿದ್ದವನೊಬ್ಬ ತೋಟದ ಸಾಮಾನಿನ ಅಂಗಡಿಯವನು. ಅವನ ಅಂಗಡಿಯಲ್ಲಿ ಕಮಾಡೊ ಎಂಬ ಹೊರಾಂಗಣದ ಒಲೆಯಿತ್ತು. ಭಾರಿ ಮೊಟ್ಟೆಯೊಂದನ್ನು ಸ್ಟ್ಯಾಂಡಿನ ಮೇಲೆ ಕೂರಿಸಿದಂತಿತ್ತು. ಗೋಡೆ ದಪ್ಪ ಪಿಂಗಾಣಿಯದು. ಒಳಗೆ ಇದ್ದಿಲು, ಅದರ ಮೇಲೆ ಕಬ್ಬಿಣದ ಜಾಲರಿ, ಕೆಳಗೊಂದು ಗಾಳಿಕಿಂಡಿ, ತಲೆಯ ಮೇಲೊಂದು ಗಾಳಿಕಿಂಡಿ. ಮುಚ್ಚಳದ ಹಣೆಗೆ ಶಾಖ ತೋರಿಸುವ ದುಂಡನೆಯ ಮುಳ್ಳಿನ ಮೀಟರು.

"ಇದರಲ್ಲಿ ಅಡುಗೆ ಮಾಡೋದೇ ಬೇಡ ಸಾರ್," ಅಂದ ಅಂಗಡಿಯವನು. "ಇಟ್ಟು ಮುಚ್ಚಿಬಿಡಿ, ಅದೇ ಬೇಯಿಸುತ್ತೆ. ಮುಚ್ಚಳ ಪದೇ ಪದೇ ತೆಗೀಬೇಡಿ. ಶಾಖ ಮಾತ್ರ ಕೈಮೀರಿ ಏರೋಕೆ ಬಿಡಬೇಡಿ, ಅಷ್ಟೇ."

ಕೈಮೀರಿ ಏರಲು ಬಿಡಬಾರದು! ಮೇಷ್ಟ್ರಿಗೆ ಮೈ ಜುಮ್ಮೆಂದಿತು. ಈ ಒಲೆ ತನಗಾಗಿಯೇ ಹುಟ್ಟಿದೆ ಎಂದು ಅವರಿಗೆ ಆ ಕ್ಷಣದಲ್ಲೇ ಖಾತ್ರಿಯಾಯಿತು.

ಒಲೆಯನ್ನು ಹಿತ್ತಿಲಿಗೆ ಹೊರಿಸಲು ಬಾಮೈದನನ್ನೇ ಕರೆಯಬೇಕಾಯಿತು. ಅವನದು ಫ್ರಿಜ್ ರಿಪೇರಿಯ ಅಂಗಡಿ. ಹೆಂಡತಿಯ ತಮ್ಮನಾದ ಮೇಲೆ ಭಾವನನ್ನು ಗೇಲಿ ಮಾಡುವುದು ಅವನ ಹುಟ್ಟುಹಕ್ಕು. ಅವನು ಮುಚ್ಚಳ ಎತ್ತಿ ಇಳಿಸಿ, ಗೋಡೆ ಬಡಿದು ನೋಡಿದ.

"ಭಾವ, ಎಂಥಾ ದಪ್ಪ ಗೋಡೆ, ಮುಚ್ಚಳಕ್ಕೆ ಫ್ರಿಜ್ಜಿನ ಬಾಗಿಲಿನಂಥ ಬಿಗಿ! ನಮ್ಮ ಅಂಗಡೀಲಿ ಐಸ್ ನೀರು ತುಂಬಿಡೋಕೆ ಹೇಳಿ ಮಾಡಿಸಿದ ಹಾಗಿದೆ. ನಿಮ್ಮ ಕೈಲಿ ಇದರಲ್ಲಿ ಏನೂ ಬೇಯಲ್ಲ, ನಂಗೇ ಕೊಟ್ಬಿಡಿ."

"ಬರೋ ಭಾನುವಾರ ಊಟಕ್ಕೆ ಬಾ," ಅಂದರು ಮೇಷ್ಟ್ರು, ಮೀಸೆ ತಿರುವಿ. "ಬೇಯದಿದ್ರೆ ನೀನೇ ಹೊತ್ಕೊಂಡು ಹೋಗು."

ಭಾನುವಾರ ಬಂತು. ಮೇಷ್ಟ್ರು ಮೊದಲು ಮಾಡಿದ ಕೆಲಸ ಅಡುಗೆಮನೆಗೆ ಬೀಗ ಹಾಕಿ ಕೀಲಿಕೈ ಜೇಬಿಗಿಳಿಸಿದ್ದು. ಇಲ್ಲದಿದ್ದರೆ ಹೆಂಡತಿ "ಸುಮ್ನೆ ಒಂದು ಸಾರಾದ್ರೂ" ಎಂದು ಒಳಗೆ ನುಸುಳುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ಮರದ ನೆರಳಿನಲ್ಲಿ ಒರಗು ಕುರ್ಚಿ ಹಾಕಿ, ಮುಂದೊಂದು ಸ್ಟೂಲಿಟ್ಟು, "ಕೂತ್ಕೋ. ಕಾಲು ಮೇಲಿಡು. ಇವತ್ತು ನೀನು ಎದ್ರೆ ನನ್ನಾಣೆ," ಅಂದರು.

"ಅಯ್ಯೋ, ಅಷ್ಟು ದೊಡ್ಡ ಆಣೆ ಯಾಕ್ರೀ," ಎನ್ನುತ್ತಾ ಹೆಂಡತಿ ಕುರ್ಚಿಯ ತುದಿಯಲ್ಲಿ, ಬಸ್ಸಿನಲ್ಲಿ ಮುಂದಿನ ಸ್ಟಾಪಿಗೆ ಇಳಿಯುವವರಂತೆ ಕೂತರು.

ಅತ್ತೆ ತಂದಿದ್ದ ದೊಡ್ಡ ಕುಂಬಳಕಾಯಿಯ ತಿರುಳನ್ನು ತೋಡಿ, ಅದರೊಳಗೆ ಈರುಳ್ಳಿ, ಬಟಾಣಿ, ಬೆಣ್ಣೆ, ಮೆಣಸಿನಪುಡಿ ತುಂಬಿ, ಜಾಲರಿಯ ಮೇಲಿಟ್ಟು, ಸುತ್ತ ಆಲೂಗಡ್ಡೆ, ಜೋಳದ ತೆನೆ ಜೋಡಿಸಿದ್ದಾಯಿತು. ಇದ್ದಿಲು ಚೆನ್ನಾಗಿಯೇ ಹತ್ತಿಕೊಂಡಿತು. ಮೇಷ್ಟ್ರು ಮುಚ್ಚಳ ಇಳಿಸಿದರು. ಮೀಟರಿನ ಮುಳ್ಳು ಸರಸರನೆ ಮೇಲೇರತೊಡಗಿತು.

ಮುಳ್ಳು ಮೇಲೇರುವುದನ್ನು ನೋಡಿ ಸುಮ್ಮನಿರುವುದು ಆ ಜೀವಕ್ಕೆ ಗೊತ್ತೇ ಇಲ್ಲ. ಬಲಗಾಲು ಹುಲ್ಲನ್ನು ಒತ್ತಿತು. ಕೈ ಮೇಲಿನ ಕಿಂಡಿಯನ್ನು ಮುಚ್ಚಿತು. ಮುಳ್ಳು ಇನ್ನೂ ಏರಿತು. ಕೈ ಕೆಳಗಿನ ಕಿಂಡಿಯನ್ನೂ ಮುಚ್ಚಿತು. ಮುಳ್ಳು ನಿಂತಿತು, ಆಮೇಲೆ ನಿಧಾನಕ್ಕೆ ಇಳಿಯತೊಡಗಿತು. ಮೇಷ್ಟ್ರು ಹಣೆಯ ಬೆವರು ಒರೆಸಿಕೊಂಡರು. "ವೇಗ ಬಂದ ಮೇಲೆ ಬ್ರೇಕ್ ಹಾಕೋದಲ್ಲ, ಬರೋ ಮೊದಲೇ ಹಾಕಬೇಕು," ಎಂದು ಮಗಳಿಗೆ ಪಾಠವನ್ನೂ ಹೇಳಿದರು.

ಅಲ್ಲಿಂದ ಮುಂದೆ ಮುಳ್ಳು ಇಳಿದಷ್ಟೂ ಮೇಷ್ಟ್ರ ಎದೆ ಉಬ್ಬಿತು. ಅವರ ಲೆಕ್ಕದಲ್ಲಿ ಇಳಿಯುವ ಮುಳ್ಳಿಗಿಂತ ಸುರಕ್ಷಿತವಾದದ್ದು ಲೋಕದಲ್ಲೇ ಇಲ್ಲ.

ಅತ್ತೆ ಮೆಲ್ಲಗೆ ಕೇಳಿದರು: "ಅಳಿಯಂದ್ರೇ, ಹೊಗೆ ಕಾಣ್ತಿಲ್ವಲ್ಲ?"

"ಹೊಗೆ ಬಂದ್ರೆ ಅದು ಕಳಪೆ ಒಲೆ ಅತ್ತೆ."

"ವಾಸನೇನೂ ಬರ್ತಿಲ್ಲ ಭಾವ," ಅಂದ ಬಾಮೈದ.

"ಘಮ ಎಲ್ಲಾ ಒಳಗೇ ಉಳೀಬೇಕು ಕಣೋ. ಹೊರಗೆ ಬಂದ್ರೆ ತಿನ್ನೋಕೇನಿರುತ್ತೆ?"

"ಅಪ್ಪ, ಒಂದ್ಸಲ ತೆಗೆದು ನೋಡೋಣ್ವಾ?"

"ಮುಟ್ಟಿದ್ರೆ ನೋಡು!" ಎಂದು ಮೇಷ್ಟ್ರು ಇಕ್ಕಳ ಹಿಡಿದು ಒಲೆಯ ಮುಂದೆ ಕಾವಲು ನಿಂತರು.

ಹೀಗೆ ಊಟದ ಹೊತ್ತು ಬಂದು, ಕಾದು, ಬೇಸರಪಟ್ಟುಕೊಂಡು ಹೊರಟೂ ಹೋಯಿತು. ಅಡುಗೆಮನೆಗೆ ಬೀಗ, ಒಲೆಗೆ ಕಾವಲು. ಹೋಗುವುದಾದರೂ ಎಲ್ಲಿಗೆ? ಎಲ್ಲರೂ ಹುಲ್ಲಿನ ಮೇಲೆ ಚಾಪೆ ಹಾಸಿ ಕೂತರು. ಮಗಳು ಬೀದಿಯ ಅಂಗಡಿಯಿಂದ ಬಿಸ್ಕತ್ತು, ಸೌತೆಕಾಯಿ, ಫ್ಲಾಸ್ಕಿನಲ್ಲಿ ಟೀ ತಂದಳು. ಅತ್ತೆ ಹಳೆಯ ಕತೆ ತೆಗೆದರು: ಚಿಕ್ಕಂದಿನಲ್ಲಿ ಮೇಷ್ಟ್ರ ಹೆಂಡತಿ ತಮ್ಮನ ಕೂದಲು ತಾವೇ ಕತ್ತರಿಸಿ, ಅವನು ಸ್ಕೂಲಿಗೆ ಟೋಪಿ ಹಾಕಿಕೊಂಡು ಹೋದದ್ದು. ಬಾಮೈದ ಈಗಲೂ ಆ ಸಿಟ್ಟು ಆರಿಲ್ಲವೆಂದು ತಲೆ ಮುಟ್ಟಿ ನೋಡಿಕೊಂಡ. ಮೇಷ್ಟ್ರ ಹೆಂಡತಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡರು. ಕುರ್ಚಿಯ ತುದಿಯಲ್ಲಿದ್ದವರು ಯಾವಾಗಲೋ ಪೂರ್ತಿ ಒರಗಿದ್ದರು, ಕಾಲು ಸ್ಟೂಲಿನ ಮೇಲೇರಿತ್ತು, ಚಪ್ಪಲಿ ಒಂದೊಂದು ಕಡೆ ಬಿದ್ದಿತ್ತು. ಮಧ್ಯೆ ಒಮ್ಮೆ ಕಾಲು ಜೋಮು ಹಿಡಿಯಿತೆಂದು ಎದ್ದು ಒಲೆಯ ತನಕ ಹೋಗಿ, ಅದನ್ನೊಮ್ಮೆ ಸವರಿ, "ಚೆನ್ನಾಗಿದೆ ಕಣ್ರೀ ನಿಮ್ಮ ಒಲೆ," ಅಂದು ಬಂದು ಮತ್ತೆ ಕೂತದ್ದಷ್ಟೇ. ಆಮೇಲೆ ಬಾಯಿ ಸ್ವಲ್ಪ ತೆರೆದುಕೊಂಡು ಒಂದು ಒಳ್ಳೆಯ ನಿದ್ದೆಯನ್ನೂ ಹೊಡೆದರು. ಹಗಲು ಹೊತ್ತಿನಲ್ಲಿ ಹೆಂಡತಿ ನಿದ್ದೆ ಮಾಡಿದ್ದನ್ನು ಮೇಷ್ಟ್ರು ನೋಡಿದ್ದು ಅದೇ ಮೊದಲು. ಒಲೆ ಬಿಟ್ಟು ಬಂದು, ಮುಖಕ್ಕೆ ಬೀಳುತ್ತಿದ್ದ ಬಿಸಿಲಿಗೆ ಅಡ್ಡವಾಗಿ ಸ್ವಲ್ಪ ಹೊತ್ತು ನಿಂತರು.

ಬಿಸಿಲು ಇಳಿದ ಮೇಲೆ ಮುಹೂರ್ತ ಕೂಡಿಬಂತು. ಎಲ್ಲರೂ ತಟ್ಟೆ ಹಿಡಿದು ಸುತ್ತ ನಿಂತರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಕೈಗೆ ದಪ್ಪ ಗವಸು ತೊಟ್ಟು, "ಹಿಂದೆ ಸರೀರಿ, ಝಳ ಹೊಡೆಯುತ್ತೆ," ಎಂದು ಎಚ್ಚರಿಸಿ ಮುಚ್ಚಳ ಎತ್ತಿದರು.

ಝಳ ಹೊಡೆಯಲಿಲ್ಲ. ಕುಂಬಳಕಾಯಿ ಬೆಳಿಗ್ಗೆ ಹೇಗೆ ಹೋಗಿತ್ತೋ ಹಾಗೇ, ಕೆನ್ನೆಗೆ ಒಂಚೂರು ಮಸಿ ಮೆತ್ತಿಕೊಂಡು ಕೂತಿತ್ತು. ಮಗಳು ಬೆರಳಿನ ಗೆಣ್ಣಿನಿಂದ ತಟ್ಟಿದಳು. ಟಕ್ ಟಕ್ ಎಂದಿತು. ಕೆಳಗೆ ಇದ್ದಿಲು ಕಪ್ಪಗೆ, ತಣ್ಣಗೆ, ಮುಂದಿನ ತಿಂಗಳಿಗೂ ಆಗುವಷ್ಟು ಉಳಿದಿತ್ತು.

ಬಾಮೈದ ಬಗ್ಗಿ ಕಿಂಡಿಗಳನ್ನು ನೋಡಿದ. "ಭಾವ, ಮೇಲೂ ಮುಚ್ಚಿದ್ದೀರಿ, ಕೆಳಗೂ ಮುಚ್ಚಿದ್ದೀರಿ. ಬೆಂಕಿಗೆ ಉಸಿರಾಡೋಕೂ ಬಿಟ್ಟಿಲ್ವಲ್ಲ! ನಾನು ಹೇಳಿರಲಿಲ್ವಾ, ಇದು ಫ್ರಿಜ್ಜೇ ಅಂತ? ಹಿಡೀರಿ ಆ ಕಡೆ, ಗಾಡಿಗೆ ಹಾಕೋಣ."

ಮೇಷ್ಟ್ರಿಗೆ ಬಾಮೈದನ ಮಾತು ಕಿವಿಗೇ ಬೀಳಲಿಲ್ಲ. ಅವರು ನೋಡುತ್ತಿದ್ದದ್ದು ಹೆಂಡತಿಯನ್ನು. ಈಗ ಅವಳು ಏಳುತ್ತಾಳೆ, ಕೀಲಿಕೈ ಕೇಳುತ್ತಾಳೆ, ಒಳಗೆ ಹೋಗಿ ಎಲ್ಲರಿಗೂ ಬೇಯಿಸುತ್ತಾಳೆ. ಫೋಟೋದಲ್ಲಿ ಮತ್ತೆ ಆ ಕೈ. ಅವರಿಗೆ ನಿಜಕ್ಕೂ ಕಣ್ಣು ತುಂಬಿ ಬಂತು. ತಾವಾಗಿಯೇ ಜೇಬಿನಿಂದ ಕೀಲಿಕೈ ತೆಗೆದು ಚಾಚಿದರು.

ಹೆಂಡತಿ ಏಳಲಿಲ್ಲ. ಕೀಲಿಕೈ ತಗೊಳ್ಳಲೂ ಇಲ್ಲ.

"ಲೋ, ಆ ಒಲೆ ಮುಟ್ಟಿದ್ರೆ ಮತ್ತೆ ಕೂದಲು ಕತ್ತರಿಸ್ತೀನಿ," ಎಂದು ಕೂತಲ್ಲಿಂದಲೇ ತಮ್ಮನನ್ನು ಗದರಿದರು. "ಕಿಂಡಿ ತೆಗೆದು ಇನ್ನೊಂದ್ಸಲ ಹಚ್ಚಿ, ಇಬ್ರೂ ಸೇರಿ. ನಂಗೇನೂ ಅವಸರ ಇಲ್ಲ."

ಫ್ರಿಜ್ಜಿನವನು ಗಾಳಿ ಬೀಸಿದ, ಬ್ರೇಕಿನವರು ಇದ್ದಿಲು ಕೆದಕಿದರು. ಮುಳ್ಳು ಮತ್ತೆ ಮೇಲೇರತೊಡಗಿದಾಗ ಮೇಷ್ಟ್ರ ಕೈ ಕಿಂಡಿಯತ್ತ ಹೋಯಿತು.

"ಅಪ್ಪಾ," ಅಂದಳು ಮಗಳು, "ಕಾಲು ತೆಗಿ."

ಹುಲ್ಲಿನಲ್ಲಿ ಹೂತಿದ್ದ ಬಲಗಾಲನ್ನು ಮೇಷ್ಟ್ರು ಬಹಳ ಕಷ್ಟಪಟ್ಟು ಎತ್ತಿದರು. ಕೆಳಗಿನ ಕಿಂಡಿ ಅರ್ಧ ತೆರೆದೇ ಉಳಿಯಿತು.

ಬೀದಿಯ ದೀಪ ಹತ್ತುವ ಹೊತ್ತಿಗೆ ಕುಂಬಳಕಾಯಿ ಮೆತ್ತಗಾಯಿತು. ಒಂದು ಮಗ್ಗುಲು ಸೀದಿತ್ತು, ಇನ್ನೊಂದು ಮಗ್ಗುಲು ಬೆಣ್ಣೆಯಾಗಿತ್ತು. ಹಸಿದ ಹೊಟ್ಟೆಗಳು ಎರಡನ್ನೂ ಬಿಡಲಿಲ್ಲ. ಅತ್ತೆ ಸಿಪ್ಪೆಯನ್ನೂ ಕೆರೆದು ತಿಂದರು. ಬಾಮೈದ ಮೂರನೇ ಜೋಳಕ್ಕೆ ಕೈ ಹಾಕುತ್ತಾ, "ಒಲೆ ನಿಮ್ಮಲ್ಲೇ ಇರ್ಲಿ ಭಾವ, ನಾನೇ ಪ್ರತಿ ವಾರ ಬರ್ತೀನಿ," ಎಂದು ಬೆದರಿಕೆ ಹಾಕಿದ. ಮೇಷ್ಟ್ರು ಹೆಂಡತಿಯ ತಟ್ಟೆಗೆ ಮೆತ್ತನೆಯ ಮಗ್ಗುಲಿನ ತುಂಡನ್ನು ಹುಡುಕಿ ಹುಡುಕಿ ಬಡಿಸಿದರು. "ಕ್ಷಮಿಸು ಮಾರಾಯ್ತಿ," ಅಂದರು, ಯಾರಿಗೂ ಕೇಳದ ಹಾಗೆ. "ಮಧ್ಯಾಹ್ನದ ಊಟ ಸಂಜೆ ಮಾಡಿಸ್ಬಿಟ್ಟೆ. ಬೆಂಕಿ ಆರಿದ್ದು ಗೊತ್ತಾಗ್ಲೇ ಇಲ್ಲ."

"ನಂಗೆ ಗೊತ್ತಾಗಿತ್ತು."

"ಏನು?"

"ಎದ್ದು ಬಂದು ಸವರಿದ್ನಲ್ಲ, ಆಗಲೇ. ದಿನಾ ಅಷ್ಟು ಜನರ ಕೈ ಹಿಡಿದು ನರ ಹುಡುಕೋಳು ನಾನು. ಬಿಸಿ ಯಾವುದು, ತಣ್ಣಗಿರೋದು ಯಾವುದು ಅಂತ ತಿಳಿಯಲ್ವಾ?"

"ಮತ್ತೆ ಹೇಳ್ಬಾರದಿತ್ತೇನೇ?"

ಹೆಂಡತಿ ಜೋಳದ ಕಾಳು ಬಿಡಿಸಿ ಬಾಯಿಗೆ ಹಾಕಿಕೊಂಡರು. "ಹೇಳಿದ್ರೆ ಏಳ್ಬೇಕಾಗ್ತಿತ್ತಲ್ಲ ರೀ. ಎಷ್ಟು ವರ್ಷ ಆಗಿತ್ತು ಹೀಗೆ ಕೂತು! ನಿಮ್ಮ ಪುಣ್ಯ. ಮುಂದಿನ ಭಾನುವಾರಾನೂ ನೀವೇ ಮಾಡಿ. ಆದ್ರೆ ಅವಸರದಲ್ಲಿ ಬೇಯಿಸ್ಬೇಡಿ, ಕಿಂಡಿ ಬೇಕಿದ್ರೆ ಇನ್ನೊಂಚೂರು ಹೊತ್ತು ಮುಚ್ಚೇ ಇಡಿ."

ಅಷ್ಟರಲ್ಲಿ ಮಗಳು ಫೋಟೋ ತೆಗೆದೇಬಿಟ್ಟಿದ್ದಳು. ಎಲ್ಲರೂ ಮುಗಿಬಿದ್ದು ನೋಡಿದರು. ನಟ್ಟನಡುವೆ ಮೇಷ್ಟ್ರ ಹೆಂಡತಿ, ಕಾಲು ಸ್ಟೂಲಿನ ಮೇಲೆ, ತಟ್ಟೆ ಮಡಿಲಲ್ಲಿ, ಕೆನ್ನೆ ತುಂಬ ಕುಂಬಳಕಾಯಿ. ಪಕ್ಕದಲ್ಲಿ ಅತ್ತೆ, ಬಾಮೈದ. ಮೇಷ್ಟ್ರು ತಮ್ಮನ್ನು ಎಷ್ಟು ಹುಡುಕಿದರೂ ಸಿಗಲಿಲ್ಲ. ಕೊನೆಗೆ ಅಂಚಿನಲ್ಲಿ, ಇಕ್ಕಳ ಹಿಡಿದ ಮಸಿಗಪ್ಪು ಕೈಯೊಂದು ಕಂಡಿತು.

"ಕೈ ಚೆನ್ನಾಗಿ ಬಂದಿದೆ ಬಿಡಿ," ಅಂದರು ಹೆಂಡತಿ, ಖಾಲಿ ತಟ್ಟೆಯನ್ನು ಆ ಕೈಯತ್ತ ಚಾಚುತ್ತಾ.