ಧರೆಪ್ಪ ಕಾಕಾನ ಬಲಗಾಲು

ಎಂ.ಎಸ್.ಡಬ್ಲ್ಯೂ. ಓದುತ್ತಿದ್ದ ಸಾರಿಕಾಗೆ ‘ಆರೋಗ್ಯ ಮತ್ತು ಅನಾರೋಗ್ಯ’ ಎಂಬ ವಿಷಯದಲ್ಲಿ ಪಾಸಾಗಲು ಬೇಕಿದ್ದದ್ದು ಒಬ್ಬನೇ ಒಬ್ಬ ರೋಗಿ. ಅವನ ಮನೆಗೆ ಹೋಗಿ, ಮಾತಾಡಿಸಿ, ಹತ್ತು ಪುಟದ ವರದಿ ಬರೆಯಬೇಕು. ಕಬ್ಬೂರಿನ ಅವಳ ಓಣಿಯಲ್ಲಿ ಕೆಮ್ಮುವವರಿಗೂ ಕುಂಟುವವರಿಗೂ ಕೊರತೆಯಿರಲಿಲ್ಲ. ಆದರೆ ಅವಳು ಪೆನ್ನು ತೆಗೆದ ಕೂಡಲೇ ಎಲ್ಲರೂ ಗುಣವಾಗಿಬಿಡುತ್ತಿದ್ದರು.

“ಬಾಯಿಲೆ ಏನರ ಕೇಳವ್ವ, ಹಾಳ್ಯಾಗ ಮಾತ್ರ ಬರೀಬ್ಯಾಡ. ಬರದದ್ದು ಮೈಗೆ ಅಂಟತೈತಿ,” ಎಂದಿದ್ದಳು ಪಕ್ಕದ ಮನೆಯ ಸುಂದರಾ ಕಾಕು.

ಕೊನೆಗೆ ಸಾರಿಕಾ ಮನೆಯಲ್ಲೇ ಕೂತು ರೋಗಿಯನ್ನು ಹುಟ್ಟಿಸಿದಳು. ಸುಂದರಾ ಕಾಕುವಿನ ಗಂಡ ಧರೆಪ್ಪನ ಹೆಸರು ಹಾಕಿದಳು. ಎಮ್ಮೆಗಳ ಹಿಂದೆ ದಿನವಿಡೀ ಅಲೆಯುವ ಧರೆಪ್ಪ ಓಣಿಗೇ ಗಟ್ಟಿ ಮನುಷ್ಯ. ಅವನ ಮೇಲೆ ಏನು ಬರೆದರೂ ಜಾರಿ ಬೀಳುತ್ತದೆಂದುಕೊಂಡಳು. ಪುಸ್ತಕ ತೆರೆದು ಸಕ್ಕರೆ ಕಾಯಿಲೆಯನ್ನು ಆರಿಸಿದಳು. ‘ಬಲಗಾಲಿನಲ್ಲಿ ಗಾಯವಿದೆ. ರೋಗಿಗೆ ನೋವಿನ ಅರಿವಿಲ್ಲ. ನಾನು ಖುದ್ದಾಗಿ ನೋಡಿದೆ.’ ಕೊನೆಯ ವಾಕ್ಯವನ್ನು ಮೂರು ಸಲ ಹೊಡೆದುಹಾಕಿ, ನಾಲ್ಕನೆಯ ಸಲ ಉಳಿಸಿದಳು.

ವರದಿ ಚೆನ್ನಾಗಿದ್ದದ್ದೇ ತಪ್ಪಾಯಿತು. ಶುಕ್ರವಾರ ಬೆಳಿಗ್ಗೆ ಚಿಕ್ಕೋಡಿಯಿಂದ ಅವಳ ಮೇಷ್ಟ್ರು ಜ್ಞಾನದೇವ ಸರ್ ಫೋನು ಮಾಡಿದರು. “ಸಾರಿಕಾ, ಓದಿ ಕಣ್ಣಾಗ ನೀರು ಬಂತವ್ವಾ. ನನ್ನ ದೋಸ್ತ ಡಾಕ್ಟರ್ ಅದಾರ, ಕರಕೊಂಡು ಹತ್ತಕ್ಕ ಬರತೇನಿ. ಪೇಶಂಟ್ ಮನ್ಯಾಗ ಇರಲಿ.”

ಸುಳ್ಳು ವರದಿ ಕೊಟ್ಟವನೊಬ್ಬನನ್ನು ಕಾಲೇಜು ಹೋದ ವರ್ಷವಷ್ಟೇ ಹೊರಗೆ ಹಾಕಿತ್ತು. ಸಾರಿಕಾಳ ಜೀವ, ಹಗ್ಗ ಹರಿದ ಕೊಡದಂತೆ ಬಾವಿಗೆ ಬಿತ್ತು. ಪಕ್ಕದ ಮನೆಗೆ ಓಡಿದಳು.

“ಕಾಕಾ, ಒಂದ ತಾಸು ರೋಗಿ ಆಗ್ರಿ. ಕೈ ಮುಗೀತೇನಿ.”

“ಎಮ್ಮಿ ಯಾರ್ ಹೊಡಕೊಂಡ್ ಹೋಗ್ತಾರ?”

“ಅಪ್ಪನ್ನ ಕಳಸ್ತೇನ್ರಿ.”

“ಏನ್ ರೋಗ ಬೇ ನಂದು?”

“ಸಕ್ಕರಿ.”

“ಭಾರೀ ಸಾಹುಕಾರ್ರ ರೋಗ ಕೊಟ್ಟಿ ನೋಡು!” ಧರೆಪ್ಪ ಹಿಗ್ಗಿ ಹೊರಸಿನ ಮೇಲೆ ಮಲಗಿಯೇಬಿಟ್ಟ.

ಸುಂದರಾ ಬಾಗಿಲಲ್ಲಿ ನಿಂತು ಬೈಯುತ್ತಲೇ ಇದ್ದಳು. ಸಾರಿಕಾ ಹಳೆ ಧೋತರ ಹರಿದು, ಅರಿಶಿನ ಸವರಿ, ಅವನ ಬಲಗಾಲಿಗೆ ಸುತ್ತಿದಳು. ಸಗಣಿ, ಕೆಸರು ಮೆತ್ತಿದ ಪಾದ ಒಣಗಿದ ಕೆರೆಯಂತೆ ಬಿರಿದು ನಾರುತ್ತಿತ್ತು. ಮುಖ ಆಚೆ ತಿರುಗಿಸಿಯೇ ಗಂಟು ಹಾಕಿದಳು.

ಕಾರು ಬಂದಾಗ ಓಣಿಯೆಲ್ಲ ಅಂಗಳದಲ್ಲಿತ್ತು. “ನರಳೋ ಧರೆಪ್ಪ, ಜರಾ ನರಳು,” ಎಂದು ಎದುರುಮನೆಯ ಭರಮು ಪಿಸುಗುಟ್ಟಿ, ತಾನೇ ಕೆಮ್ಮಿದ. ಧರೆಪ್ಪ ಈಯುವ ಎಮ್ಮೆಯಂತೆ ನರಳಿದ.

ಡಾಕ್ಟರು ವರದಿ ನೋಡಿದರು. “ನೋವಿನ ಅರಿವಿಲ್ಲ ಅಂತ ಬರದಾರಲ್ರಿ. ಮತ್ಯಾಕ ನರಳಾಕತ್ತೀರಿ?”

ಧರೆಪ್ಪ ಸಾರಿಕಾಳ ಮುಖ ನೋಡಿದ. “ಹಂಗಾರ ಬಿಡತೇನ್ರಿ,” ಎಂದು ಸುಮ್ಮನಾದ.

ಡಾಕ್ಟರು ಬಟ್ಟೆ ಬಿಚ್ಚತೊಡಗಿದರು. ಮುಗಿಯಿತು ಎಂದು ಸಾರಿಕಾ ಕಣ್ಣು ಮುಚ್ಚಿದಳು. ಬೈಗುಳ ಬರಲಿಲ್ಲ. “ನೀರು ತರ್ರಿ,” ಎಂಬ ಮಾತು ಬಂತು. ಕಣ್ಣು ತೆರೆದಾಗ ಡಾಕ್ಟರು ತೊಳೆದ ಅಂಗಾಲಿನೊಳಗಿಂದ, ಹೆಬ್ಬೆರಳ ಬುಡದಿಂದ, ಕಪ್ಪಗಾದ ಜಾಲಿಮುಳ್ಳೊಂದನ್ನು ಚಿಮಟದಿಂದ ಎಳೆಯುತ್ತಿದ್ದರು. ಬೆರಳುದ್ದ ಬಂತು. ಅದರ ಹಿಂದೆಯೇ ಕೀವು ಬಂತು.

ಧರೆಪ್ಪ ಕುತೂಹಲದಿಂದ ಬಗ್ಗಿ ನೋಡಿದ. “ಯಾರ ಕಾಲಾಂದ್ರಿ ಅದು?”

ಯಾರೂ ನಗಲಿಲ್ಲ. ಡಾಕ್ಟರು ಅವನ ಬೆರಳು ಚುಚ್ಚಿ ರಕ್ತವನ್ನು ಪುಟ್ಟ ಯಂತ್ರಕ್ಕೆ ಕೊಟ್ಟರು. ನಂಬದೆ ಇನ್ನೊಂದು ಬೆರಳು ಚುಚ್ಚಿದರು. “ಸಕ್ಕರಿ ಭಾಳ ಏರೇತಿ. ಈಗಿಂದೀಗ ಬೆಳಗಾವಿಗೆ ಒಯ್ಯೂಣು. ಹೆಬ್ಬೆರಳಂತೂ ಉಳಿಯೂದಿಲ್ಲ. ಪಾದ ಉಳದರ ಪುಣ್ಯೆ.”

ಜ್ಞಾನದೇವ ಸರ್ ಸಾರಿಕಾಳ ಬೆನ್ನು ತಟ್ಟಿದರು. “ಯಾರಿಗೂ ಕಾಣದ್ದನ್ನ ಈ ಹುಡುಗಿ ನೋಡ್ಯಾಳ್ರಿ! ಪೂರ್ತಿ ಮಾರ್ಕ್ಸ್.”

ಓಣಿ ಅವಳತ್ತ ತಿರುಗಿತು. ತಾಯಂದಿರು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಂಡರು. ಭರಮು ಬಂದ ಕೆಮ್ಮನ್ನು ನುಂಗಿ, ಕಣ್ಣು ಕೆಂಪಾಗಿಸಿಕೊಂಡು ಮನೆ ಸೇರಿದ.

ಧರೆಪ್ಪನನ್ನು ಕಾರಿಗೆ ಹತ್ತಿಸುತ್ತಿದ್ದಾಗ ಸುಂದರಾ ಆ ವರದಿಯನ್ನು ಹಿಡಿದು ಸಾರಿಕಾಳ ಮುಂದೆ ಬಂದು ನಿಂತಳು. ಈಗ ಬೈಯಲಿಲ್ಲ.

“ಇದರಾಗ ಬರದಾಕಿ ನೀನ. ಕಾಲು ಛಲೋ ಆತು ಅಂತ ಬರಿ. ಖುದ್ದ ನೋಡೇನಿ ಅಂತನೂ ಬರಿ.”

ಬರವಣಿಗೆಯಿಂದ ರೋಗ ಬರುವುದಿಲ್ಲ, ಹೋಗುವುದೂ ಇಲ್ಲ. ರೋಗದ ಬಗೆಗಿನ ತಪ್ಪು ನಂಬಿಕೆಗಳ ಪಾಠದಲ್ಲಿ ಸಾರಿಕಾ ಆ ಮಾತಿನ ಕೆಳಗೆ ಎರಡೆರಡು ಗೆರೆ ಎಳೆದಿದ್ದಳು. ಹೇಳಲು ಬಾಯಿ ತೆರೆದಳು. ಸುಂದರಾ ಪೆನ್ನೊಂದನ್ನು ಅವಳ ಮುಂದೆ ಹಿಡಿದಳು. ಸಾರಿಕಾ ಅದನ್ನು ತೆಗೆದುಕೊಂಡು ಕಟ್ಟೆಯ ಮೇಲೆ ಕೂತಳು. ದುಂಡಗಿನ ಅಕ್ಷರದಲ್ಲಿ ಹನ್ನೊಂದನೆಯ ಪುಟ ಶುರುಮಾಡಿದಳು.

“ಮೊದಲ ಹೆಬ್ಬೆರಳು ಬರಿ,” ಎಂದಳು ಸುಂದರಾ.